ಕೊಡಚಾದ್ರಿಗೆ ಎರಡು ದಿನ: ಲೆಕ್ಕ ಶುರುವಾಗಬೇಕಾದ್ದು ವಾಪಸ್ ಬಸ್ಸಿನಿಂದ

ಕೊಡಚಾದ್ರಿಯ ಎತ್ತರ 1343 ಮೀಟರ್. ಹತ್ತಲಾಗದ ಬೆಟ್ಟವೇನಲ್ಲ. ಆದರೂ ಎಷ್ಟೋ ಜನ ಕಾಡಿನ ನಡುವೆ ಕತ್ತಲು ಮಾಡಿಕೊಳ್ಳುತ್ತಾರೆ. ಹೊರಡುವ ಹೊತ್ತನ್ನಷ್ಟೇ ನೋಡಿ, ಇಳಿಯುವ ಹೊತ್ತನ್ನು ಮರೆಯುವುದೇ ಕಾರಣ. ಎರಡನೇ ದಿನ ಬೆಟ್ಟದ ಬುಡದ ನಿಟ್ಟೂರಿನಿಂದ ಶಿವಮೊಗ್ಗಕ್ಕೆ ಬಸ್ಸು ಎಷ್ಟಕ್ಕಿದೆ ಎಂದು ಮೊದಲು ಕೇಳಿಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸಿ: ಕಾಯಲು ಒಂದು ಗಂಟೆ, ಇಳಿಯಲು ನಾಲ್ಕು. ಕೊನೇ ಬಸ್ಸನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅದರ ಹಿಂದಿನದ್ದಕ್ಕೆ ಹೊಂದಿಸಿ.

ಹೋಗಲು ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳಗೆ ಹದವಾದ ಕಾಲ. ಮಳೆಗಾಲದಲ್ಲಿ ಹಿಡ್ಲುಮನೆ ಜಲಪಾತದ ಪಕ್ಕದ ಬಂಡೆಗಳ ಮೇಲೆ ಕಾಲು ನಿಲ್ಲುವುದಿಲ್ಲ, ಆ ದಾರಿ ಬೇಡವೇ ಬೇಡ. ಜೀಪು ಹೋಗುವ ಮಣ್ಣುರಸ್ತೆ ಉದ್ದವಾದರೂ ದಾರಿ ತಪ್ಪುವುದಿಲ್ಲ, ಮೊದಲ ಸಲ ಹೋಗುವವರಿಗೆ ಅದೇ ಸರಿ. ಅರಣ್ಯ ಇಲಾಖೆಯ ಅನುಮತಿ, ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿ.

ಶಿವಮೊಗ್ಗದಿಂದ ಹೊಸನಗರ, ನಗರ (ಬಿದನೂರು) ಊರುಗಳ ಮೇಲೆ ಹೋಗುವ ಬೆಳಗಿನ ಬಸ್ಸು ಹಿಡಿದು ನಿಟ್ಟೂರಿನಲ್ಲಿ ಇಳಿಯಿರಿ. ಘಟ್ಟದ ತಿರುವುಗಳಲ್ಲಿ ನಾಲ್ಕು ಗಂಟೆ ಬೇಕು. ಈ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಶಕ್ತಿ ಯೋಜನೆಯ ಉಚಿತ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಬೆಟ್ಟದಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ, ಫೋನ್‌ಪೇ ನಂಬಿ ಹೋದರೆ ಊಟಕ್ಕೂ ಪರದಾಟ. ನಗದು ಇರಲಿ, ಅದೂ ಚಿಲ್ಲರೆಯಾಗಿ.

ಮೇಲೆ ಟೆಂಟು, ಬೆಂಕಿ ಎರಡೂ ಬೇಡ. ಒಣಗಿದ ಹುಲ್ಲುಗಾವಲಿಗೆ ಒಂದು ಕಿಡಿ ಸಾಕು. ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ತಂಗಲು ಸಿಗುವ ಜಾಗ ಕಡಿಮೆ, ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಿ. ಶನಿವಾರ, ಭಾನುವಾರವಂತೂ ಕೇಳಿಯೇ ಹೊರಡಿ. ಸಂಜೆ ನಾಲ್ಕರೊಳಗೆ ಅಲ್ಲಿ ಬ್ಯಾಗ್ ಇಳಿಸಿದರೆ ತುದಿಯಲ್ಲಿರುವ ಸರ್ವಜ್ಞ ಪೀಠದ ಕಲ್ಲುಮಂಟಪಕ್ಕೆ ಬರಿಗೈಯಲ್ಲಿ ಹೋಗಿಬರಬಹುದು. ಹತ್ತಲು ಮುಕ್ಕಾಲರಿಂದ ಒಂದು ಗಂಟೆ. ತಡವಾದರೆ ಸೂರ್ಯಾಸ್ತದ ಆಸೆ ಬಿಡಿ, ಬೆಳಗಿನ ಜಾವ ಹತ್ತಿ.

ಬ್ಯಾಗ್ 40 ಲೀಟರಿನದು ಸಾಕು, ತುಂಬಿದ ಮೇಲೆ ತೂಕ ಎಂಟು ಕೆಜಿ ದಾಟಬಾರದು. ಹೊರಗಿನ ಮಳೆಹೊದಿಕೆಯೊಂದನ್ನೇ ನಂಬಬೇಡಿ. ನೀರು ಬೆನ್ನಿನ ಕಡೆಯಿಂದ ಇಳಿದು ಒಳಗೆ ಸೇರುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನ ಒಳಗೇ ಇಟ್ಟು ಅದರಲ್ಲಿ ಬಟ್ಟೆ ತುಂಬಿ, ಬಾಯಿ ಸುತ್ತಿ ಬಿಗಿಯಿರಿ. ಜೀನ್ಸ್ ಒದ್ದೆಯಾದರೆ ಭಾರ, ಒಣಗುವುದೂ ಇಲ್ಲ, ತೊಡೆ ಉಜ್ಜಿ ಗಾಯ. ಹೊಸ ಶೂ ಹಾಕಿಕೊಂಡು ಬರುವವರಿಗೆ ಇಳಿಜಾರಿನಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುವುದು ಖಂಡಿತ. ಕನಿಷ್ಠ ಎರಡು ವಾರ ಊರಲ್ಲೇ ನಡೆದು ಪಳಗಿಸಿ. ಸಾಕ್ಸ್ ಮೂರು ಜೊತೆ: ಒಂದು ಕಾಲಲ್ಲಿ, ಒಂದು ಬದಲಿಗೆ, ಒಂದು ಮಲಗುವಾಗ ಮಾತ್ರ. ತಲೆಗೆ ಕಟ್ಟುವ ಟಾರ್ಚ್, ಬೇರೆ ಸೆಲ್. ನೀರು ಒಬ್ಬರಿಗೆ ಮೂರು ಲೀಟರ್. ಊಟಕ್ಕೆ ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ, ಶೇಂಗಾ, ಬೆಲ್ಲ. ಚಿತ್ರಾನ್ನ ಮಧ್ಯಾಹ್ನ ದಾಟಿದರೆ ಹಳಸುತ್ತದೆ.

ಉಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಬೇಕಿಲ್ಲ. ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿ, ಮೇಲೆ ಬೇವಿನೆಣ್ಣೆ ಸವರಿ. ಕಚ್ಚಿದರೆ ಉಗುರಿನಿಂದ ಅದರ ಬಾಯಿಯ ಕಡೆ ಮೀಟಿ ಬಿಡಿಸಿ. ರಕ್ತ ತುಸು ಹೊತ್ತು ನಿಲ್ಲುವುದಿಲ್ಲ, ಗಾಬರಿ ಬೇಡ. ನಿಜವಾಗಿ ಎಚ್ಚರ ಬೇಕಾದ್ದು ಉಣುಗಿನ (ಉಣ್ಣೆ ಹುಳುವಿನ) ವಿಚಾರದಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗದ ಹತ್ತಿರ ಸುಳಿಯಬೇಡಿ, ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಹತ್ತು ದಿನದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ, ಮಿಕ್ಕಿದ್ದು ಆಮೇಲೆ.