ಹಳೆ ರೂಟರ್ ಬದಲಿಸಬೇಕಾ? ಮೊದಲು ಕೇಬಲ್ ಹಾಕಿ ನೋಡಿ

ನೆಟ್ ನಿಧಾನವಾಯಿತು ಎಂದರೆ ಸೀದಾ ಅಂಗಡಿಗೆ ಹೋಗಿ ಹೊಸ ರೂಟರ್ ತರುವವರೇ ಜಾಸ್ತಿ. ತಂದ ಮೇಲೂ ಒಳಗಿನ ರೂಮಿನಲ್ಲಿ ವಿಡಿಯೊ ಸುತ್ತುತ್ತಲೇ ಇರುತ್ತದೆ. ತೊಂದರೆ ಲೈನಿನದೋ, ಗೋಡೆಯದೋ, ರೂಟರಿನದೋ ಗೊತ್ತಾಗದೆ ಸುಮ್ನೆ ದುಡ್ಡು ಹಾಕಬೇಡಿ.

ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್‌ನಿಂದ ರೂಟರಿಗೆ ಜೋಡಿಸಿ. ಮನೆಯ ಬೇರೆ ಫೋನು, ಟಿವಿಗಳಲ್ಲಿ ನೆಟ್ ನಿಲ್ಲಿಸಿ ಸ್ಪೀಡ್ ಟೆಸ್ಟ್ ಮಾಡಿ. ನಿಮ್ಮ ಪ್ಲಾನ್ 100 ಎಂಬಿಪಿಎಸ್ ಇದ್ದು ಕೇಬಲ್‌ನಲ್ಲೂ 30 ಅಷ್ಟೇ ಬಂದರೆ ಮೊದಲು ಲೈನ್ ಮೇಲೇ ಅನುಮಾನ ಪಡಿ. ಕಂಪನಿಗೆ ಫೋನ್ ಮಾಡಿ ಲೈನ್ ನೋಡಲು ಹೇಳಿ. ಬಂದವರು ತಮ್ಮ ರೂಟರ್ ಹಾಕಿ ಸ್ಪೀಡ್ ತೋರಿಸಲಿ.

ಪ್ಲಾನ್ 200 ಇದ್ದೂ ಟೆಸ್ಟ್ ಪ್ರತಿ ಸಲ 94ರ ಹತ್ತಿರವೇ ನಿಂತರೆ? ಎಲ್ಲೋ ಒಂದು ಕಡೆ ಸಂಪರ್ಕ 100ಕ್ಕೆ ಕಟ್ಟಿಹೋಗಿದೆ ಎಂದರ್ಥ. ಡಿ-ಲಿಂಕ್‌ನ ಡಿಐಆರ್-615 ತರಹದ ಹಳೆಯ ರೂಟರ್‌ಗಳ ಪೋರ್ಟೇ 100 ಎಂಬಿಪಿಎಸ್‌ನದು. ಪ್ಲಾನ್ ಎಷ್ಟೇ ಏರಿಸಿದರೂ ಅದರಾಚೆ ಹೋಗುವುದಿಲ್ಲ, ತಿಂಗಳು ತಿಂಗಳು ಕಟ್ಟುವ ಹೆಚ್ಚಿನ ದುಡ್ಡು ದಂಡ. ಆದರೆ ಕೇಬಲ್ ಬದಲಿಸಿ ಇನ್ನೊಮ್ಮೆ ನೋಡಿ. ಒಳಗಿನ ಎಂಟು ತಂತಿಗಳಲ್ಲಿ ಒಂದು ತುಂಡಾದರೂ ಸ್ಪೀಡ್ 100ಕ್ಕೇ ಇಳಿದುಬಿಡಬಹುದು.

ಕೇಬಲ್‌ನಲ್ಲಿ ಸರಿಯಿದ್ದು ವೈಫೈನಲ್ಲಿ ಮಾತ್ರ ಎಳೆದಾಡುತ್ತಿದೆಯಾ? ಟಿವಿ ಹಿಂದೆ, ಷೋಕೇಸ್ ಒಳಗೆ ಇಟ್ಟ ರೂಟರನ್ನು ಎತ್ತರದ, ತೆರೆದ ಜಾಗಕ್ಕೆ ತನ್ನಿ. ವೈಫೈನ ಹಳೆಯ ತರಂಗಪಟ್ಟಿಯಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು (ಸಿಗ್ನಲ್ ಓಡುವ ದಾರಿಗಳು) 1, 6, 11 ಈ ಮೂರೇ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರೆಲ್ಲ ಅದರಲ್ಲೇ ಇರುತ್ತಾರೆ. ಅಲ್ಲಿ 5 ಗಿಗಾಹರ್ಟ್ಸ್ ಎಂಬ ಇನ್ನೊಂದು ಪಟ್ಟಿ ಇಲ್ಲದ ರೂಟರ್ ಬದಲಿಸಿದರೆ ನಿಜಕ್ಕೂ ಲಾಭವಿದೆ. ಮಧ್ಯೆ ಎರಡು ಕಾಂಕ್ರೀಟ್ ಗೋಡೆ ಇದ್ದರೆ ಮಾತ್ರ ದುಬಾರಿ ರೂಟರೂ ಸೋಲಬಹುದು. ಕೇಬಲ್ ಎಳೆದು ಆ ರೂಮಿಗೆ ಇನ್ನೊಂದು ವೈಫೈ ಪೆಟ್ಟಿಗೆ ಇಡುವುದೇ ಮೇಲು.

ರೂಟರ್ ಪದೇ ಪದೇ ತಾನಾಗಿ ಆಫ್ ಆಗಿ ಆನ್ ಆಗುತ್ತಿದ್ದರೆ ಅಡಾಪ್ಟರ್ ಬದಲಿಸಿ ನೋಡಿ. ವೋಲ್ಟ್ ಅಷ್ಟೇ ಇರಬೇಕು, ಆಂಪ್ ಕಡಿಮೆ ಇರಬಾರದು.

ಇನ್ನು, ಸ್ಪೀಡ್ ಚೆನ್ನಾಗಿದ್ದರೂ ರೂಟರ್ ಬದಲಿಸಲೇಬೇಕಾದ ಸಂದರ್ಭ ಒಂದಿದೆ. ಪೆಟ್ಟಿಗೆ ತಿರುಗಿಸಿ, ತಳದ ಚೀಟಿಯಲ್ಲಿರುವ ಮಾಡೆಲ್ ಮತ್ತು ಹಾರ್ಡ್‌ವೇರ್ ವರ್ಷನ್ ಬರೆದುಕೊಳ್ಳಿ. ತಯಾರಕರ ವೆಬ್‌ಸೈಟಿನಲ್ಲಿ ಅದಕ್ಕೆ ಕೊನೆಯ ಅಪ್‌ಡೇಟ್ ಯಾವಾಗ ಬಂತು ನೋಡಿ. ಸಪೋರ್ಟ್ ನಿಂತಿದೆ ಎಂದಿದ್ದರೆ ಮುಂದೆ ಸಿಗುವ ದೋಷಗಳಿಗೆ ರಿಪೇರಿ ಬರುವುದಿಲ್ಲ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಸುಮಾರು 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು, ಹೆಚ್ಚಿನವು ರೂಟರ್‌ಗಳೇ. ಸಪೋರ್ಟ್ ಮುಗಿದ ಹಳೆ ರೂಟರ್‌ಗಳ ಮರೆಯಲ್ಲಿ ಅಪರಾಧಿಗಳು ನೆಟ್ ಬಳಸುತ್ತಿದ್ದಾರೆ ಎಂದು ಅಮೆರಿಕದ ಎಫ್‌ಬಿಐ 2025ರ ಮೇನಲ್ಲಿ ಎಚ್ಚರಿಸಿತು. ಯಾರೋ ಮಾಡಿದ ವಂಚನೆಯ ಜಾಡು ನಿಮ್ಮ ಮನೆಯ ಐಪಿ ವಿಳಾಸಕ್ಕೆ ಬಂದು ನಿಲ್ಲುವುದು ಬೇಡ, ಅಲ್ವಾ?

ಕೊಳ್ಳುವುದೇ ಆದರೆ ವೈಫೈ 6, ಎಲ್ಲ ಪೋರ್ಟೂ ಗಿಗಾಬಿಟ್ (1000 ಎಂಬಿಪಿಎಸ್), ವೈಫೈ ಭದ್ರತೆಗೆ ಡಬ್ಲ್ಯೂಪಿಎ3 ಇಷ್ಟು ನೋಡಿ. ಅದರ ಮುಂದಿನ ತಲೆಮಾರಿನ ವೈಫೈ 7ಕ್ಕೆ ಹೆಚ್ಚು ಸುರಿಯುವ ಅಗತ್ಯ ಬಹುತೇಕ ಮನೆಗಳಿಗಿಲ್ಲ. ಫೈಬರ್ ಪೆಟ್ಟಿಗೆ, ರೂಟರ್ ಎರಡೂ ಒಂದೇ ಆಗಿದ್ದು ಅದು ಕಂಪನಿಯದಾಗಿದ್ದರೆ ಮೊದಲು ಅವರನ್ನೇ ಬದಲಿಸಿಕೊಡಲು ಕೇಳಿ. ಹಳೆಯದು ನಿಮ್ಮದೇ ಆಗಿದ್ದರೆ ಇ-ತ್ಯಾಜ್ಯಕ್ಕೆ ಕೊಡುವ ಮೊದಲು ಹಿಂದಿನ ರಿಸೆಟ್ ಗುಂಡಿಯನ್ನು ಪಿನ್ನಿನಿಂದ ಹತ್ತು ಸೆಕೆಂಡಾದರೂ ಒತ್ತಿ ಹಿಡಿಯಿರಿ. ನಿಮ್ಮ ಪಾಸ್‌ವರ್ಡ್‌ಗಳೆಲ್ಲ ಅದರೊಳಗೇ ಇರುತ್ತವೆ.