ಗುಂಯ್ ಸದ್ದು ಮೋಟಾರಿನದೇ? ಬೆಲ್ಟ್ ಬಿಚ್ಚಿ ಕೇಳಿ

ರಬ್ಬರ್ ಬೆಲ್ಟಿನಿಂದ ರೆಕಾರ್ಡನ್ನು ತಿರುಗಿಸುವ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್‌ನಲ್ಲಿ ಹಾಡಿನ ಹಿಂದೆ ಗುಂಯ್ ಎನ್ನುವ ತಗ್ಗಿದ ಸದ್ದು ಕೇಳಿಸುತ್ತಿದ್ದರೆ, ಬೆಲ್ಟನ್ನು ಬಿಚ್ಚಿಟ್ಟು ಪ್ಲ್ಯಾಟರನ್ನು (ರೆಕಾರ್ಡ್ ಕೂರುವ ತಟ್ಟೆ) ಮತ್ತೆ ಕೂರಿಸಿ, ತಿರುಗದೆ ನಿಂತ ಹಳೆಯ ರೆಕಾರ್ಡೊಂದರ ಮೇಲೆ ಮುಳ್ಳನ್ನು ಇಳಿಸಿ, ಮೋಟಾರನ್ನಷ್ಟೇ ಚಾಲೂ ಮಾಡಿ ವಾಲ್ಯೂಮನ್ನು ನಿಧಾನವಾಗಿ ಏರಿಸಿರಿ. ಮೋಟಾರ್ ಆರಿಸಿದೊಡನೆ ಸದ್ದು ನಿಂತರೆ, ಅದರ ಕಂಪನ ಪೆಟ್ಟಿಗೆಯ ಮೂಲಕ ಮುಳ್ಳಿಗೆ ತಲುಪುತ್ತಿರುವ ಸಾಧ್ಯತೆ ಹೆಚ್ಚು. ಮೋಟಾರಿನ ಅಡಿಯ ರಬ್ಬರ್ ಗಟ್ಟಿಯಾಗಿದೆಯೇ ನೋಡಿ. ವಾಲ್ಯೂಮ್ ತಗ್ಗಿಸಿ ಮುಳ್ಳನ್ನೆತ್ತಿ, ಮತ್ತೆ ಏರಿಸಿದಾಗಲೂ ಸದ್ದು ಉಳಿದಿದ್ದರೆ ದೋಷ ವಿದ್ಯುತ್ತಿನದು, ಬಹುಪಾಲು ಅರ್ಥಿಂಗ್ ತಂತಿಯದು. ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಮಂದ್ರ ಸ್ವರಗಳನ್ನು ಮುಳ್ಳಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಫೋನೋ ಆಂಪ್ಲಿಫೈಯರ್ ಮತ್ತೆ ಎತ್ತಿಕೊಡುತ್ತದೆ, 20 ಹರ್ಟ್ಜ್ ಬಳಿ ಸುಮಾರು 19 ಡೆಸಿಬೆಲ್‌ನಷ್ಟು; ಕೈಗೆ ತಿಳಿಯದ ನಡುಕವೂ ಸ್ಪೀಕರಿನಲ್ಲಿ ದೊಡ್ಡದಾಗುವುದು ಇದರಿಂದಲೇ. ನಿಶ್ಚಲ ಪರೀಕ್ಷೆಯಲ್ಲಿ ಮೌನವಿದ್ದು, ಬೆಲ್ಟ್ ಹಾಕಿ ನುಡಿಸಿದಾಗ ಮಾತ್ರ ಸದ್ದು ಬಂದರೆ ಬೇರಿಂಗನ್ನೋ ಬೆಲ್ಟನ್ನೋ ರೆಕಾರ್ಡನ್ನೋ ಅನುಮಾನಿಸಬೇಕು, ಈ ಉಪಾಯ ಅವನ್ನು ಬೇರ್ಪಡಿಸದು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200ನಂತಹ ಡೈರೆಕ್ಟ್ ಡ್ರೈವ್ ಯಂತ್ರಗಳಲ್ಲಿ ಬೆಲ್ಟ್ ಇಲ್ಲದೆ ಮೋಟಾರೇ ಪ್ಲ್ಯಾಟರನ್ನು ನೇರವಾಗಿ ತಿರುಗಿಸುವುದರಿಂದ ಈ ಪರೀಕ್ಷೆ ಸಾಧ್ಯವೇ ಇಲ್ಲ. ಮುಳ್ಳು ಹೊತ್ತ ತೋಳು ಚಲಿಸಿದರಷ್ಟೇ ಮೋಟಾರ್ ಓಡುವ ಸ್ವಯಂಚಾಲಿತ ಮಾದರಿಗಳಲ್ಲೂ ಸ್ವಲ್ಪ ಪರದಾಟವಿದೆ, ಮುಳ್ಳಿಗೆ ಅಪಾಯವೆನಿಸಿದರೆ ಕೈಬಿಡುವುದೇ ಲೇಸು.