ಬಿಸಿಎ ಹುಡುಗರಿಗೆ ಎಷ್ಟು ತಿಳಿದಿದೆ? ತೊಗರಿ ಪಟ್ಟಿ ಬರೆಸಿ ನೋಡಿ

ಕಲಬುರಗಿ ಕಡೆ ಬಿಸಿಎಗೆ ಡಿಬಿಎಂಎಸ್ (ಡೇಟಾಬೇಸ್ ವಿಷಯ), ಸಿಸ್ಟಮ್ ಅನಾಲಿಸಿಸ್ ಪಾಠ ಮಾಡುವ ನನ್ನಂಥ ಮೇಷ್ಟ್ರುಗಳಿಗೆ ಇದು. ಇಂಟರ್ನಲ್ಸ್‌ನಲ್ಲಿ ‘ನಾರ್ಮಲೈಸೇಶನ್ ಎಂದರೇನು’ ಅಂತ ಕೇಳಿದರೆ ಅರ್ಧ ಕ್ಲಾಸು ಪೂರ್ತಿ ಅಂಕ ತಗೊಳ್ಳುತ್ತದೆ. ಒಂದೇ ಮಾಹಿತಿ ಮತ್ತೆ ಮತ್ತೆ ಬರದಂತೆ ಟೇಬಲ್ ಒಡೆದು ಬರೆಯುವುದೇ ನಾರ್ಮಲೈಸೇಶನ್. ಅದೇ ಹುಡುಗರ ಪ್ರಾಜೆಕ್ಟ್ ತೆಗೆದು ನೋಡಿದರೆ ರೈತ, ಮಾಲು, ಬಿಲ್ಲು ಎಲ್ಲ ಒಂದೇ ಟೇಬಲ್‌ನಲ್ಲಿ ತುಂಬಿರುತ್ತದೆ.

ಮೊದಲು ಪ್ರಶ್ನೆ ಬದಲಿಸಿ. ಲೈಬ್ರರಿ ಮ್ಯಾನೇಜ್‌ಮೆಂಟ್ ಬೇಡ, ಅದು ಝೆರಾಕ್ಸ್ ಅಂಗಡಿಯಲ್ಲೇ ರೆಡಿ ಸಿಗುತ್ತದೆ. ನಾನು ತೊಗರಿ ಅಡತಿ ಅಂಗಡಿಯ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿ) ಲೆಕ್ಕ ಕೊಡುತ್ತೇನೆ. ಅಪ್ಪನ ಜೊತೆ ಗಂಜ್ ಮಾರುಕಟ್ಟೆಗೆ ಹೋಗಿ ಬಂದವರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ರೈತ, ಅವನ ಊರು, ಚೀಲ, ತೂಕ, ಆ ದಿನದ ಧಾರಣೆ, ಹಮಾಲಿ, ಕೊನೆಗೆ ರೈತನ ಕೈಗೆ ಬರುವ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ. ಇಷ್ಟಕ್ಕೆ ಇಆರ್ ಡಯಾಗ್ರಾಮ್ (ಯಾವುದಕ್ಕೆ ಯಾವುದು ಸಂಬಂಧ ಅಂತ ತೋರಿಸುವ ಚಿತ್ರ) ಬರೆದು ಟೇಬಲ್ ಮಾಡಲು ಒಂದು ವಾರ ಕೊಡಿ. ಮನೆಯಲ್ಲಿ ಕೇಳಲಿ, ಚಾಟ್‌ಜಿಪಿಟಿ ನೋಡಲಿ, ಪರವಾಗಿಲ್ಲ.

ಪರೀಕ್ಷೆ ಇರುವುದು ಆಮೇಲೆ. ಒಬ್ಬೊಬ್ಬರನ್ನೇ ಕರೆದು ಐದು ನಿಮಿಷ ಕೂಡಿಸಿಕೊಳ್ಳಿ. ಅವರದೇ ಡಿಸೈನ್ ಮುಂದಿಟ್ಟು ಕೇಳಿ: ‘ಇವತ್ತು ಧಾರಣೆ ಬದಲಾಯಿತು, ನೀನು ಹೊಸ ರೇಟ್ ಹಾಕಿದೆ. ಹೋದ ವಾರದ ಪಟ್ಟಿ ಏನಾಗುತ್ತದೆ?’ ಧಾರಣೆಯನ್ನು ಬೆಳೆಯ ಟೇಬಲ್‌ನಲ್ಲಷ್ಟೇ ಇಟ್ಟವರ ಹಳೇ ಪಟ್ಟಿಗಳೆಲ್ಲ ಹೊಸ ರೇಟನ್ನೇ ತೋರಿಸುತ್ತವೆ. ಅದನ್ನು ತಾವೇ ಕಂಡುಹಿಡಿದು, ‘ಸರ್, ಮಾರಾಟದ ಪ್ರತಿ ಸಾಲಿನಲ್ಲೂ ಆ ದಿನದ ರೇಟ್ ಬರೆದಿಡಬೇಕು’ ಅಂದರೆ ವಿಷಯ ತಲೆಗೆ ಹೋಗಿದೆ ಅಂತ ಅರ್ಥ. ಇನ್ನೊಂದು ಪ್ರಶ್ನೆ: ‘ಒಂದೇ ಊರಿಂದ ಒಂದೇ ಹೆಸರಿನ ಇಬ್ಬರು ರೈತರು ಬಂದರೆ?’ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ಯಾಕೆ ಬೇಕು ಅನ್ನೋದು ಗೊತ್ತಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಅವರು ಕನ್ನಡದಲ್ಲಿ ಉತ್ತರಿಸಲಿ, ಉರ್ದು ಬೆರೆಸಿ ಉತ್ತರಿಸಲಿ, ತಡೆಯಬೇಡಿ. ಇಂಗ್ಲಿಷಿಗೆ ಬೇರೆ ಪೇಪರ್ ಇದೆ. ಯಾದಗಿರಿ ಕಡೆಯ ಒಬ್ಬ ಹುಡುಗಿ ವೈವಾದಲ್ಲಿ ಬಾಯೇ ಬಿಡುತ್ತಿರಲಿಲ್ಲ. ಕನ್ನಡದಲ್ಲಿ ಹೇಳಮ್ಮಾ ಅಂದ ದಿನ ಒಂದು ಟೇಬಲ್ಲನ್ನು ಇನ್ನೊಂದಕ್ಕೆ ಜೋಡಿಸುವ ಫಾರಿನ್ ಕೀ ಏನು ಮಾಡುತ್ತದೆ ಅಂತ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಳು ಅಂದರೆ, ಅಷ್ಟು ದಿನ ಅವಳಿಗೆ ಕಡಿಮೆ ಅಂಕ ಕೊಟ್ಟಿದ್ದಕ್ಕೆ ನನಗೆ ಬಹಳ ಬೇಜಾರಾಯಿತು.

ಅಂಕಕ್ಕೆ ನಾಲ್ಕು ಸಾಲು ಸಾಕು. ಮೊದಲೇ ಬೋರ್ಡ್ ಮೇಲೆ ಬರೆದು ತೋರಿಸಿ. ಟೇಬಲ್ ಸರಿಯಾಗಿ ಒಡೆದಿದ್ದಾರಾ, ಕೀಗಳು ಸರಿಯಿವೆಯಾ, ಟೇಬಲ್‌ನಿಂದ ಮಾಹಿತಿ ತೆಗೆಯುವ ಕ್ವೆರಿ ಓಡುತ್ತದಾ, ಯಾಕೆ ಹಾಗೆ ಮಾಡಿದೆ ಅಂದರೆ ಕಾರಣ ಹೇಳುತ್ತಾರಾ. ಕೊನೆಯದಕ್ಕೆ ಜಾಸ್ತಿ ಅಂಕ ಇಡಿ. ಗುಂಪಿನ ಪ್ರಾಜೆಕ್ಟ್ ಆದರೂ ಒಬ್ಬೊಬ್ಬರನ್ನೇ ಕೇಳಿ. 60 ಜನಕ್ಕೆ 5 ಗಂಟೆ ಬೇಕು. ಲ್ಯಾಬ್ ಅವಧಿಯಲ್ಲಿ ರೆಕಾರ್ಡ್‌ಗೆ ಸುಮ್ನೆ ಸಹಿ ಹಾಕುತ್ತಾ ಕೂರುವ ಸಮಯವನ್ನು ಇದಕ್ಕೆ ಕೊಡಿ.

ಕಾಲೇಜುಗಳ ಗುಣಮಟ್ಟ ನೋಡುವ ನ್ಯಾಕ್‌ಗೆ ಸಿಒ-ಪಿಒ ಲೆಕ್ಕ (ವಿಷಯದ ಮತ್ತು ಪದವಿಯ ಕಲಿಕೆಯ ಗುರಿ ಎಷ್ಟು ಮುಟ್ಟಿತು ಅನ್ನೋ ಲೆಕ್ಕ) ಹೇಗೂ ಹಾಕಬೇಕು. ಆದರೆ ಒಟ್ಟು ಅಂಕದ ಸರಾಸರಿಯಿಂದ ಹುಡುಗರು ಎಲ್ಲಿ ಎಡವಿದರು ಅಂತ ಗೊತ್ತಾಗಲ್ಲ. ಎಕ್ಸೆಲ್‌ನಲ್ಲಿ ಪ್ರಶ್ನೆಗೊಂದು ಕಾಲಂ ಮಾಡಿ. ಧಾರಣೆಯ ಪ್ರಶ್ನೆಯಲ್ಲಿ 40 ಜನ ತಪ್ಪಿದ್ದರೆ ಆ ಪಾಠವನ್ನು ಅದೇ ವಾರ ಮತ್ತೆ ಮಾಡಿ. ಸೆಮಿಸ್ಟರ್ ಮುಗಿದ ಮೇಲೆ ಫೈಲಿನಲ್ಲಿ ಬರೆದಿಟ್ಟರೆ ಆ ಹುಡುಗರಿಗೆ ಏನು ಬಂತು, ಅಲ್ವಾ?

ಎರಡು ವಾರ ಬಿಟ್ಟು ಬೀದರ್‌ನ ಬಿದ್ರಿ ಅಂಗಡಿಯ ಲೆಕ್ಕ ಕೊಡಿ. ಅಲ್ಲಿ ಬೆಳ್ಳಿ ರೇಟ್ ದಿನಾ ಬದಲಾಗುತ್ತದೆ. ತೊಗರಿಯಲ್ಲಿ ತಪ್ಪಿದವರು ಆ ರೇಟನ್ನು ಯಾವ ಟೇಬಲ್‌ನಲ್ಲಿ ಬರೆಯುತ್ತಾರೆ, ಅದನ್ನು ಮೊದಲು ನೋಡಿ.